ಏಳಿಂಚಿನ ಗರಗಸ

ಇಂದು ಬೆಳಿಗ್ಗೆ ಇಡ್ಲಿ ಪಾತ್ರೆ ಎತ್ತುವಾಗ ಬಲಭುಜದಲ್ಲಿ ಚಳುಕು ಹೊಡೆಯಿತು. ಪಾತ್ರೆ ಕೆಳಗಿಟ್ಟು, ಡೊಂಬಿವಲಿಯ ನಮ್ಮ ಹೋಟೆಲಿನ ಮುಂದಿರುವ ಚಪ್ಪರದ ಕಂಬಕ್ಕೆ ಒರಗಿದೆ. ಆಗಷ್ಟೇ ತೊಳೆದ ಜಾಗ. ಒದ್ದೆಯಾದ ಮರ ತನ್ನ ಹಳೆಯ ವಾಸನೆ ಬಿಟ್ಟಿತು. ಆ ವಾಸನೆಗೆ ನನಗೆ ಮೊದಲು ನೆನಪಾಗುವುದು ನನ್ನದೇ ಪೆದ್ದುತನ, ಆಮೇಲೆ ಸಂಜೀವ ಆಚಾರ್ರು.

ಆಚಾರ್ರು ನಮ್ಮ ಉಡುಪಿ ಕಡೆಯ ಬಡಗಿ. ಹೋಟೆಲಿನ ಮೇಜು, ಬಾಗಿಲು ಎಲ್ಲ ಅವರ ಕೈಯದೇ. ಕೆಲವು ವರ್ಷಗಳ ಹಿಂದೆ ನಾನು ಚಪ್ಪರ ಹಾಕಿಸಲು ಹೊರಟಾಗ ಅವರ ಭುಜ ಹಿಡಿದುಕೊಂಡಿತ್ತು. ಕೈಗರಗಸ ಮುಟ್ಟಬೇಡಿ ಎಂದು ಡಾಕ್ಟರು ಹೇಳಿಯಾಗಿತ್ತು. ನಾಲ್ಕಿಂಚು ದಪ್ಪದ ಕಂಬಗಳು. ತೊಲೆ ಕೂರಲು ಪ್ರತಿ ಕಂಬದ ತಲೆಯಲ್ಲಿ ಎರಡಿಂಚು ಆಳದ ಕಚ್ಚು ತೆಗೆಯಬೇಕು.

"ಇದೊಂದು ಆಗದಿದ್ರೆ ಸಾಮಾನು ಮಾರಿ ಮನೆಯಲ್ಲಿ ಕೂರುದೇ," ಎಂದಿದ್ದರು ಆಚಾರ್ರು. ಮರದ ಬದಲು ಪೈಪಿನ ಚಪ್ಪರವೇ ಆದೀತೆಂದು ನಾನು ಆಗಲೇ ಕಬ್ಬಿಣದ ಪೈಪಿನವನಲ್ಲಿ ಗುಟ್ಟಾಗಿ ವಿಚಾರಿಸಿ ಬಂದಿದ್ದೆ. ಈಗ ನಿಮಗೆ ಹೇಳಲೂ ನಾಚಿಕೆಯಾಗುತ್ತದೆ.

ಆ ನಾಚಿಕೆಗೇ ಇರಬೇಕು, ಒಂದು ವಿದ್ಯುತ್ ಗರಗಸ ನಾನೇ ಕೊಂಡು ತಂದೆ. ಹಗುರ, ಚಂದದ ಬಣ್ಣ, ಭುಜಕ್ಕೆ ಹಿತ ಎಂದುಕೊಂಡೆ. ಪೂಜೆಯಾಗದ ಸಾಮಾನನ್ನು ಕೆಲಸಕ್ಕೆ ಇಳಿಸಬಾರದಲ್ಲ, ಕುಂಕುಮ ಹಚ್ಚಿ ಹೂವನ್ನೂ ಇಟ್ಟೆ. ಆಚಾರ್ರು ಓಡಿಸಿದರು. ಅಲಗು ಒಂದಿಂಚು ಚಿಲ್ಲರೆ ಇಳಿದು ನಿಂತಿತು.

"ಭಟ್ರೇ, ಇದು ಟೈಲ್ಸ್‌ನವರ ಕಟರ್. ಎರಡಿಂಚಿಗೆ ಎಟಕುದಿಲ್ಲ."

ಕುಂಕುಮ ಮೆತ್ತಿದ್ದನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ.

ಮರುದಿನ ಆಚಾರ್ರು ಕಂಬದ ಒಂದು ತುಂಡನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ತರಕಾರಿ ಬುಟ್ಟಿಗಳ ನಡುವೆ ನಿಂತು, ಬೇರೆ ಗರಗಸ ನೋಡಲು ಠಾಣೆ ಪೇಟೆಗೆ ಹೋದೆವು. "ಕಾಕಾ, ಘರ್ ಸೇ ಲಕಡಿ ಲಾಯೇ?" ಮನೆಯಿಂದಲೇ ಮರ ತಂದಿರಾ ಎಂದು ಅಲ್ಲಿನ ಅಂಗಡಿಯವನು ನಕ್ಕ. ಆಚಾರ್ರು ತುಂಡಿನ ನಡುವೆ ಪೆನ್ಸಿಲ್ ಗೆರೆ ಎಳೆದು, ಒಂದೊಂದೇ ಗರಗಸದ ಅಲಗನ್ನು ಪಕ್ಕಕ್ಕೆ ಹಿಡಿದು ನೋಡಿದರು. ಏಳಿಂಚಿನ ಅಲಗು ಮಾತ್ರ ಗೆರೆ ದಾಟಿತು. ಎತ್ತಿ ನೋಡಿದರೆ ಅದೋ ಹೆಣಭಾರ.

"ನಿಮ್ಮ ಭುಜಕ್ಕೆ ಇದು ಹೇಗೆ?" ಎಂದೆ.

ಅವರು ಕಂಬದ ತುಂಡನ್ನು ಅಡ್ಡ ಮಲಗಿಸಿ, ಗರಗಸವನ್ನು ಅದರ ಮೇಲೆ ಕೂರಿಸಿ ಕೈ ಬಿಟ್ಟರು. "ಭಾರ ಮರದ ಮೇಲೆ ಕೂರ್ತದೆ ಭಟ್ರೇ. ನಾನು ದೂಡುದು ಮಾತ್ರ."

ಅದನ್ನೇ ಕೊಂಡು ತಂದೆವು. ಆಚಾರ್ರು ಕಂಬಗಳನ್ನು ಮಲಗಿಸಿ, ಅಲಗು ಎರಡಿಂಚೇ ಇಳಿಯುವಂತೆ ಕಟ್ಟಿ, ಒತ್ತೊತ್ತಾಗಿ ಗೀಟು ಕೊಯ್ದರು. ಉಳಿ ಹಾಕಿ ತಟ್ಟಿದರೆ ಚಕ್ಕೆಗಳು ಹೆಚ್ಚಿದ ಬೀನ್ಸಿನ ಹಾಗೆ ಉದುರಿದವು. ಮೊದಲ ತೊಲೆ ಕೂತಾಗ ಸಂದಿಯಲ್ಲಿ ಉಗುರು ತೂರಲಿಲ್ಲ. ಆಚಾರ್ರು ಚಹಾ ಕೇಳಿದರು. ಖುಷಿ ತಡೆಯದೆ ನಾನು ಸಕ್ಕರೆಯನ್ನು ಎರಡು ಸಲ ಹಾಕಿಬಿಟ್ಟೆ.

"ಆತಾ ಪುರೇ ಪಪ್ಪಾ," ಇನ್ನು ಸಾಕು ಮಾಡಿ ಎಂದು ನನ್ನ ಮಗ ಈಗ ಒಂದು ತಿಂಗಳಿಂದ ಹೇಳುತ್ತಿದ್ದಾನೆ. ಅಡುಗೆಮನೆ ಬಿಡಲು ನಾನೂ ಮನಸ್ಸು ಮಾಡಿದ್ದೆ. ಇಂದು ಕಂಬಕ್ಕೆ ಒರಗಿದವನು ಅಲ್ಲಿಂದಲೇ ಆಚಾರ್ರಿಗೆ ಫೋನು ಮಾಡಿದೆ. ಅವರು ಗರಗಸ ನಿಲ್ಲಿಸಿ ಮಾತಾಡಿದರು.

"ಒಲೆಯ ಸಮಕ್ಕೆ ಒಂದು ಮೇಜು ಬೇಕು ಆಚಾರ್ರೇ. ಪಾತ್ರೆ ಎತ್ತದೆ ದೂಡುವ ಹಾಗೆ."

"ಒಲೆಯ ಎತ್ತರ ಅಳೆದಿಡಿ, ನಾಳೆ ಬರ್ತೇನೆ," ಎಂದರು. "ಸಾಮಾನು ಮಾತ್ರ ನೀವು ತರ್ಬೇಡಿ."

ಅಳತೆಪಟ್ಟಿ ಹುಡುಕುತ್ತಾ ಅಡುಗೆಮನೆಗೆ ಹೋದೆ.