ಎಡಚಕ್ಕನ ಉಲ್ಟಾ ನೂಲು

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಎಡಚಕ್ಕ ಎಂದು. ಪುಕ್ಕದಿಂದ ಮಾಡಿದ ಹುಸಿ ನೊಣ ಕಟ್ಟಿ, ನೀರಿನ ಮೇಲೆ ಬೀಸಿ ಎಸೆದು ಮೀನು ಹಿಡಿಯುವ ಗಾಳದ ಕೋಲುಗಳು ಅಲ್ಲಿ ತಯಾರಾಗುತ್ತಿದ್ದವು. ಗಾಳದ ದಾರ ಹಾದುಹೋಗಲು ಕೋಲಿನುದ್ದಕ್ಕೂ ಸಣ್ಣ ಉಂಗುರಗಳಿರುತ್ತವಲ್ಲ, ಅವನ್ನು ಬಣ್ಣದ ನೂಲಿನಿಂದ ಬಿಗಿಯಾಗಿ ಸುತ್ತಿ ಕೂರಿಸುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಅದೇ ಮೇಜು, ಅದೇ ಕಿಟಕಿ, ಅದೇ ವಾರ್ನಿಶ್ ವಾಸನೆ. ಮೀನು ಹಿಡಿಯುವುದಿರಲಿ, ಆ ಕೋಲನ್ನು ಒಂದು ದಿನವೂ ನೀರಿನ ಹತ್ತಿರ ಒಯ್ದವಳಲ್ಲ.

ಊರಿಗೊಂದು ದಾರಿಯಾದರೆ ಎಡಚಕ್ಕನಿಗೊಂದು ದಾರಿ. ಉಳಿದವರ ನೂಲು ಒಂದು ಕಡೆಗೆ ಸುತ್ತಿದರೆ ಎಡಗೈಯಲ್ಲಿ ಸುತ್ತುವ ಇವಳದು ಅದರ ಉಲ್ಟಾ. ಸಂಜೆಯಾದರೆ ಸೂಪರ್‌ವೈಸರ್ ಇವಳ ಕೋಲುಗಳನ್ನು ಮಾತ್ರ ಬೇರೆ ಆರಿಸಿ, ಕೊನೆಯಲ್ಲಿದ್ದ ಲೇಬಲ್ ಕೋಣೆಗೆ ಕಳಿಸುತ್ತಿದ್ದ. ಆ ಕೋಣೆಯ ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. ಯಾಕೆ ಬೇರೆ ಎಂದು ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಉಲ್ಟಾ ಸುತ್ತಿದ ಎರಡನೇ ದರ್ಜೆಯ ಮಾಲು ಎಂದು ತಾನೇ ತೀರ್ಮಾನಿಸಿಕೊಂಡಳು. ಓಡಿಸದೆ ಇಟ್ಟುಕೊಂಡಿದ್ದಾರಲ್ಲ, ಅದೇ ದೊಡ್ಡದು ಎಂದು ರಜೆ ಕೇಳದೆ, ದನಿ ಎತ್ತದೆ ತಲೆ ತಗ್ಗಿಸಿಕೊಂಡೇ ದುಡಿದಳು. ಎಂಥ ಪೆದ್ದುತನ! ಬಾಯಿ ಬಿಟ್ಟು ಕೇಳಿದ್ದರೆ ತಾನೇ ಗೊತ್ತಾಗುವುದು?

ಮನೆಯಲ್ಲಿದ್ದದ್ದು ಅಮ್ಮ ಒಬ್ಬಳೇ. ಅಪ್ಪ ಅದೇ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಿದ್ದವನು, ತೀರಿಹೋಗಿ ಏಳು ವರ್ಷವಾಗಿತ್ತು. ಅವನದೊಂದು ಫೋಟೊ ಇರಲಿಲ್ಲ. ಗೇಟ್ ಪಾಸಿನಲ್ಲಿ ಇದ್ದದ್ದನ್ನೂ ಕಾರ್ಖಾನೆಯವರು ವಾಪಸು ತೆಗೆದುಕೊಂಡಿದ್ದರು. ಈಚೀಚೆಗೆ ಅಮ್ಮ ತರಕಾರಿ ಹೆಚ್ಚುತ್ತಾ ಇದ್ದಕ್ಕಿದ್ದಂತೆ ಚಾಕು ಕೆಳಗಿಡುತ್ತಿದ್ದಳು.

"ಅವರ ಮುಖ ಮರೆತು ಹೋಗ್ತಿದೆ ಕಣೇ. ಮೂಗು ನೆನಪಿದೆ, ಕಣ್ಣು ಮಾತ್ರ ಬರ್ತಾ ಇಲ್ಲ."

ಒಂದು ಫೋಟೊ, ಅಂಗೈಯಷ್ಟಗಲದ್ದು ಒಂದು ಸಿಕ್ಕಿದ್ದರೆ ಸಾಕಿತ್ತು.

ಒಂದು ಬೆಳಿಗ್ಗೆ ಲೇಬಲ್ ಕೋಣೆಯ ಹೆಂಗಸಿಗೆ ಜ್ವರ ಬಂತು. ಸೂಪರ್‌ವೈಸರ್ ಎಂದೂ ಏನನ್ನೂ ಕೇಳದ ಎಡಚಕ್ಕನನ್ನು ಕಳಿಸಿದ. "ಅಲ್ಲಿ ನೋಡಿದ್ದನ್ನ ಅಲ್ಲೇ ಬಿಟ್ಟು ಬರಬೇಕು, ಗೊತ್ತಾಯ್ತಾ?" ಎಂದ.

ಒಳಗೆ ಹೋದರೆ ಅಕ್ಕಪಕ್ಕದ ಮೇಜಿನವರ ಕೋಲುಗಳು ರಾಶಿ ಬಿದ್ದಿದ್ದವು. ಒಂದೇ ಕಟ್ಟಿನ ಕೋಲುಗಳಲ್ಲಿ ಕೆಲವು ಹಸಿರು ಚೀಲಕ್ಕೆ, ಕೆಲವು ಕಪ್ಪು ಕೊಳವೆಗೆ. ಒಂದೊಂದಕ್ಕೂ ಒಂದೊಂದು ದೊಡ್ಡ ಕಂಪನಿಯ ಹೆಸರು. ಒಂದೇ ತಾಯಿಯ ಮಕ್ಕಳಿಗೆ ಹತ್ತು ಮನೆತನ! ಅವಳಿಗೆ ನಗು ಬಂತು. ತನ್ನ ಕೋಲುಗಳು ಯಾವ ಮೂಲೆಯಲ್ಲಿ ಧೂಳು ತಿನ್ನುತ್ತಿವೆಯೋ ಎಂದು ಹುಡುಕಿದಳು. ಅವು ಮಖಮಲ್ಲು ಹಾಸಿದ ಮರದ ಪೆಟ್ಟಿಗೆಗಳಲ್ಲಿ ಮಲಗಿದ್ದವು. ಯಾರೋ ತಪ್ಪಿ ಇಟ್ಟಿರಬೇಕು ಎಂದುಕೊಂಡಳು. ಪ್ರತಿ ಪೆಟ್ಟಿಗೆಯಲ್ಲೂ ಒಂದು ದಪ್ಪ ಕಾರ್ಡಿತ್ತು. ಎತ್ತಿ ನೋಡಿದಳು.

ಕಾರ್ಡಿನಲ್ಲಿದ್ದವನು ಅಪ್ಪ. ಇವಳದೇ ಮೇಜು, ಇವಳದೇ ಕಿಟಕಿ. ಇಸ್ತ್ರಿ ಮಾಡಿದ ಕೋಟು ತೊಟ್ಟು, ಇವಳು ಅರ್ಧ ಸುತ್ತಿಟ್ಟ ಕೋಲನ್ನು ಕೈಯಲ್ಲಿ ಹಿಡಿದು ಕೂತಿದ್ದ.

"ಅಪ್ಪಾ!" ಎಂದು ಕೂಗಿಯೇಬಿಟ್ಟಳು. ಸೂಪರ್‌ವೈಸರ್ ಓಡಿ ಬಂದ.

"ಏನು ಬರ್ದಿದೆ ಸರ್ ಇದ್ರಲ್ಲಿ? ಓದಿ ಹೇಳಿ."

"ಅದೆಲ್ಲ ನಿನಗ್ಯಾಕಮ್ಮ..."

"ಓದಿ ಸರ್!"

ಅವಳ ಮುಖ ನೋಡಿ ಅವನು ತಡವರಿಸುತ್ತಾ ಆ ಇಂಗ್ಲಿಷಿನ ಅರ್ಥ ಹೇಳಿದ. ಹೊಳೆ ದಂಡೆಯ ಮನೆಯಲ್ಲಿ ತನ್ನ ನಾಯಿಯೊಂದಿಗೆ ಇರುವ ಈ ಹಿರಿಯ ಕುಶಲಕರ್ಮಿ ಐವತ್ತು ವರ್ಷಗಳಿಂದ ಪ್ರತಿ ಕೋಲನ್ನೂ ತಾನೊಬ್ಬನೇ ತಯಾರಿಸುತ್ತಿದ್ದಾನೆ. ಈತ ಎಡಚ. ಉಲ್ಟಾ ಸುತ್ತಿದ ನೂಲೇ ಈತನ ಕೈಯ ಗುರುತು. ಅದಿಲ್ಲದ ಕೋಲು ನಕಲಿ ಎಂದು ತಿಳಿಯಿರಿ. ಕೆಳಗೆ ಅಪ್ಪನದಲ್ಲದ, ಯಾವುದೋ ದೇಶದ ಯಾವುದೋ ಹೆಸರು.

"ನಮ್ಮಪ್ಪ ಇಲ್ಲಿ ಕಸ ಗುಡಿಸ್ತಿದ್ರು ಸರ್."

"ಮುಖ ಚೆನ್ನಾಗಿತ್ತಮ್ಮ. ಒಂದು ರಜೆ ದಿನ ಕೋಟು ಹಾಕಿ ಕೂರಿಸಿ ಫೋಟೊ ತೆಗೆಸಿದ್ವಿ. ಟೀ ಕುಡಿಸಿ, ಯಾರಿಗೂ ಹೇಳ್ಬೇಡ ಅಂದ್ವಿ. ಪಾಪ, ಹೇಳ್ಲಿಲ್ಲ."

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೋಳಿನ ಕೇಳಿ ಮಸಾಲೆ ಅರೀತಾರಾ?" ಎಂದವನು, ಅಂದಮೇಲೆ ನಾಲಿಗೆ ಕಚ್ಚಿಕೊಂಡ.

ಯಾವ ಕೈಗೆ ನಾಚಿ ಇಪ್ಪತ್ತೆರಡು ವರ್ಷ ತಲೆ ತಗ್ಗಿಸಿದ್ದಳೋ ಆ ಕೈಯ ಕೆಲಸವನ್ನೇ ಎಲ್ಲೆಲ್ಲಿಯ ಶ್ರೀಮಂತರೋ ಬೆರಳಾಡಿಸಿ ಮೆಚ್ಚುತ್ತಿದ್ದರು. ಕೈ ಇವಳದು, ಮುಖ ಸತ್ತ ಅಪ್ಪನದು, ಹೆಸರು ಯಾರದೂ ಅಲ್ಲ. ಇಂಥ ಮೋಸವನ್ನು ಕುಳಿತು ಯೋಚಿಸಿ ಮಾಡುವವರೂ ಇದ್ದಾರಲ್ಲ!

"ಈ ಕಾರ್ಡು ನನಗೆ ಬೇಕು. ನಮ್ಮಮ್ಮನಿಗೆ."

"ಹೊರಗೆ ಹೋಗೋ ಹಾಗಿಲ್ಲಮ್ಮ. ಗುಟ್ಟು ರಟ್ಟಾದ್ರೆ ನನ್ನ ಕೆಲಸ ಹೋಗುತ್ತೆ."

"ಹಾಗಾದ್ರೆ ನಾಳೆಯಿಂದ ಎಲ್ಲರ ಹಾಗೆ ಸುತ್ತುತೀನಿ. ನನಗೆ ಅದೂ ಬರುತ್ತೆ."

ಸೂಪರ್‌ವೈಸರ್ ಬಿಳಿಚಿಕೊಂಡ. ಫ್ಯಾನು ನೋಡಿದ, ಬಾಗಿಲು ನೋಡಿದ. ಕೊನೆಗೆ ಕಾರ್ಡನ್ನು ತಾನೇ ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟ.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ, "ಅಮ್ಮಾ, ನೋಡು ಯಾರಂತ" ಎಂದು ಕಾರ್ಡು ಚಾಚಿದಳು. ಅಮ್ಮ ಸೆರಗಿಗೆ ಕೈ ಒರೆಸಿ, ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಯಾರೇ ಇವರು?"

"ಸರಿಯಾಗಿ ನೋಡಮ್ಮ!"

"ನೋಡ್ದೆ. ಮೂಗೇನೋ ನಿಮ್ಮಪ್ಪನ ಹಾಗೇ ಇದೆ. ಆದ್ರೆ ಅವರಲ್ಲ ಬಿಡು. ನಿಮ್ಮಪ್ಪ ಯಾವತ್ತು ಹೀಗೆ ಕುರ್ಚಿ ಮೇಲೆ ನೆಮ್ಮದಿಯಾಗಿ ಕೂತಿದ್ರು?"

ಇದು ಅಪ್ಪನೇ ಎನ್ನಲು ಮಗಳು ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮ ಆ ಇಸ್ತ್ರಿ ಕೋಟಿನ ಮೇಲೆ ಬೆರಳಾಡಿಸಿದಳು.

"ಇವರನ್ನ ಕಟ್ಟಿಕೊಂಡೋಳು ಪುಣ್ಯ ಮಾಡಿದ್ಲು ಕಣೇ," ಎಂದು ಅಮ್ಮ ಕಾರ್ಡನ್ನು ಹುಷಾರಾಗಿ ವಾಪಸು ಕೊಟ್ಟಳು.