ಊರು ಹೊರಬಿದ್ದ ವರ್ಷ

ಹಾವೇರಿಯ ಕನ್ನಡ ಶಾಲೆಯ ಉಡಚಪ್ಪ ಮಾಸ್ತರರಿಗೆ ಮಕ್ಕಳ ಪಾಟಿಯ ಮೇಲಿನ ಅಕ್ಷರ ಕಾಣದಾಗಿ ಒಂದು ವರ್ಷವಾಗಿತ್ತು. ಬರೆದದ್ದನ್ನು ಮಕ್ಕಳ ಬಾಯಿಂದಲೇ ಓದಿಸಿ, ತಪ್ಪನ್ನು ಕಿವಿಯಿಂದ ಹಿಡಿಯುತ್ತಿದ್ದರು. ಇನ್ಸ್‌ಪೆಕ್ಟರು ಬಂದು ನೋಡುವ ಮುಂಚೆ ತಾವಾಗಿಯೇ ನೌಕರಿ ಬಿಡಬೇಕು. ಕಣ್ಣಿಲ್ಲವೆಂದು ಅವರೇ ತೆಗೆದರೆ ಪೆನ್ಶನ್ ಸಿಕ್ಕೀತೆಂಬ ಭರವಸೆ ಇರಲಿಲ್ಲ.

ವಯಸ್ಸಾಗುವ ಮೊದಲೇ ಬಿಡುವವರಿಗೆ ಪೆನ್ಶನ್ ಸಿಗಲು ಇಪ್ಪತ್ತೈದು ವರ್ಷದ ಚಾಕರಿ ಆಗಿರಬೇಕು. ಮಾಸ್ತರರು ಸೇರಿದ್ದು ೧೯೨೦ರಲ್ಲಿ, ಈಗ ೧೯೪೫. ಆದರೆ ಇಪ್ಪತ್ತು ತುಂಬುವ ಮೊದಲು ಮಾಡಿದ ಚಾಕರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಾಖಲೆಯ ಪ್ರಕಾರ ಸೇರಿದಾಗ ಅವರಿಗೆ ಹದಿನೆಂಟೂವರೆ.

"ಎಲ್ಲಾರೂ ವಯಸ್ಸು ಇಳಸ್ರಿ ಅಂತ ಬರ್ತಾರ," ಎಂದ ಕಚೇರಿಯ ಕಾರಕೂನ ರಾಘಣ್ಣ. "ನೀವೊಬ್ರು ಏರಸ್ರಿ ಅಂತೀರಲ್ರೀ ಮಾಸ್ತರ."

"ಇದ್ದದ್ದು ಬರೀರಿ ಅಂತೇನಿ."

"ಹುಟ್ಟಿದ್ದು ಕಂಡವರು ಯಾರರ ಅದಾರೇನು?"

ಶಾಲೆಗೆ ಸೇರಿಸುವಾಗ ತಾಯಿ ಹೇಳಿದ್ದು, ಪ್ಲೇಗಿಗೆ ಊರು ಹೊರಬಿದ್ದ ವರ್ಷ ಹುಟ್ಟಿದವನು ಎಂದು. ಹಾಗೆ ಜನರೆಲ್ಲ ಮನೆ ಬಿಟ್ಟು ಬಯಲಿನ ಗುಡಿಸಲುಗಳಿಗೆ ಹೋದದ್ದು ಎರಡು ಸಲ, ನಡುವೆ ಎರಡು ವರ್ಷ. ಅಂದಿನ ಮಾಸ್ತರರು ಎರಡನೆಯದನ್ನು ಬರೆದುಕೊಂಡಿದ್ದರು. ಆದರೆ ಕರ್ಜಗಿ ದಾರಿಯಲ್ಲಿ ನಡೆಯುವಾಗಲೆಲ್ಲ ತಾಯಿ ಒಂದು ಹುಣಸೆಮರ ತೋರಿಸಿ, ನೀನು ಹುಟ್ಟಿದ್ದು ಇದರಡಿಯ ಗುಡಿಸಲಲ್ಲಿ ಎನ್ನುತ್ತಿದ್ದಳು. ಅಲ್ಲಿ ಗುಡಿಸಲು ಬಿದ್ದದ್ದು ಮೊದಲನೆಯ ಸಲ. ಎರಡನೆಯ ಸಲ ಸ್ಟೇಶನ್ನಿನ ಆಚೆ. ತಾಯಿ ಈಗ ಇಲ್ಲ. ಮರ ಕಚೇರಿಗೆ ಬರುವುದಿಲ್ಲ.

ಉಳಿದವಳು ಗುಲಾಬಬಿ. ತಾಯಿ ಜ್ವರದಲ್ಲಿ ಬಿದ್ದಾಗ ಪಕ್ಕದ ಗುಡಿಸಲಿನಿಂದ ಬಂದು ಎಳೆಗೂಸಾಗಿದ್ದ ಮಾಸ್ತರರಿಗೆ ಹಾಲೂಡಿಸಿದ್ದವಳು. ಈಗ ಬ್ಯಾಡಗಿಯಲ್ಲಿ ಮಗಳ ಹತ್ತಿರ ಇದ್ದು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ರವಿವಾರ ಮಾಸ್ತರರು ರೈಲು ಹತ್ತಿದರು. ಕೆಂಪು ರಾಶಿಗಳ ನಡುವೆ ನಿಲ್ಲುತ್ತಲೇ ಸೀನು ಬಂತು.

"ಉಡಚ್ಯಾ, ಸೀನೂದು ಥೇಟ್ ನಿಮ್ಮಪ್ಪನಂಗ ಐತಿ ನೋಡು," ಎಂದಳು ಮುದುಕಿ.

ಬಂದ ಕಾರಣ ಹೇಳಿದರು. ಆಕೆಯ ಕೈ ನಿಂತಿತು.

"ಮೊದಲನೇ ಸಲಾನ. ನನ್ನ ಇಸ್ಮಾಯಿಲ ಹುಟ್ಟಿ ನಲವತ್ತು ದಿನಕ್ಕ ನೀ ಹುಟ್ಟಿದಿ. ಒಂದ ಮಲಿ ಅವಗ, ಒಂದ ಮಲಿ ನಿನಗ. ಗುಡಿಸಲಾ ಕೀಳೂ ಮುಂದ ನಿನ್ನ ನಿಮ್ಮವ್ವನ ಉಡಿಯಾಗ ಹಾಕಿದೆ. ಇಸ್ಮಾಯಿಲನ್ನ ಅಲ್ಲೇ ಮಣ್ಣಾಗ ಬಿಟ್ಟು ಬಂದೆ."

ಮಾಸ್ತರರಿಗೆ ಇದು ಗೊತ್ತಿರಲಿಲ್ಲ. ತಾಯಿ ಮರವನ್ನಷ್ಟೇ ತೋರಿಸಿದ್ದಳು.

"ಬ್ಯಾಡ ಬಿಡವ್ವಾ. ಕಚೇರ್ಯಾಗ ಇದನ್ನೆಲ್ಲಾ ಕೆದಕಿ ಕೇಳ್ತಾರ."

"ಕೇಳಲಿ. ಇಷ್ಟ ವರ್ಷ ಯಾರೂ ಕೇಳಿಲ್ಲ."

ಕಚೇರಿಯಲ್ಲಿ ರಾಘಣ್ಣ, ಆ ವರ್ಷವೇ ಎಂದು ಹೇಗೆ ನೆನಪು ಎಂದು ಗುಲಾಬಬಿಯನ್ನು ಕೇಳಿದ. ಆಕೆ ಹೇಳಿದಳು. ಅವನು ಮತ್ತೇನೂ ಚೇಷ್ಟೆ ಮಾಡಲಿಲ್ಲ. ಹೇಳಿದ್ದನ್ನು ಬರೆದು, ಮೆಣಸಿನಕಾಯಿಯ ಕೆಂಪು ಹತ್ತಿದ ಆಕೆಯ ಹೆಬ್ಬೆರಳನ್ನು ತಾನೇ ಹಿಡಿದು ಒತ್ತಿಸಿಕೊಂಡ.

ಸೆಪ್ಟೆಂಬರ್ ಕೊನೆಗೆ ಧಾರವಾಡದಿಂದ ಹುಕುಂ ಬಂತು. ವಯಸ್ಸಿಗೆ ಎರಡು ವರ್ಷ ಕೂಡಿಸಿದ್ದರು, ಪೆನ್ಶನ್ ಮಂಜೂರಾಗಿತ್ತು. ಮಾಸ್ತರರು ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಬ್ಯಾಡಗಿಗೆ ಹೋದರು. ಗುಲಾಬಬಿ ಎಲ್ಲವನ್ನೂ ಕೇಳಿದಳು. ಆಮೇಲೆ, ತೊಟ್ಟು ಬಿಡಿಸುತ್ತಲೇ, "ಬದುಕಿದ್ರ ನನ್ನ ಇಸ್ಮಾಯಿಲಗ ಈಗ ಎಷ್ಟ ವರ್ಷ ಆಗ್ತಿತ್ತು?" ಎಂದಳು.

ಮಾಸ್ತರರು ಆಕೆಯ ಎದುರಿಗೆ ಕುಳಿತು ಬೆರಳು ಮಡಿಚುತ್ತ ಎಣಿಸಿದರು.

"ಈ ತಿಂಗಳ ನಲವತ್ತಾರು ತುಂಬಿತವ್ವಾ. ನನಗ ಇನ್ನೂ ತುಂಬಬೇಕು."

"ನಲವತ್ತಾರು," ಎಂದಳು ಆಕೆ, ಒಮ್ಮೆ ತನಗೇ ಹೇಳಿಕೊಳ್ಳುವಂತೆ.