ಪೋಕರ್ ಆಡುತ್ತಿದ್ದ ಎದುರುಮನೆಯ ಅಕ್ಕ

ಮೊನ್ನೆ ಹೊಸ ಇಸ್ಪೀಟು ಕಟ್ಟಿನ ಪ್ಲಾಸ್ಟಿಕ್ ಸುಲಿದಾಗ ಬಂದ ಔಷಧಿಯಂಥ ವಾಸನೆ ನನ್ನನ್ನು ಕೂತಲ್ಲಿ ಕೂರಗೊಡಲಿಲ್ಲ. ಕುವೈತಿನ ಫಿಂಟಾಸಿನಲ್ಲಿ ನಮ್ಮ ಎದುರುಮನೆಯಲ್ಲಿದ್ದ ಅಕ್ಕನ ಕೈಗೂ ಅದೇ ವಾಸನೆ ಇರುತ್ತಿತ್ತು...

ಮೈಸೂರಿನ ಬ್ಯಾಂಕ್ ಕೆಲಸ ಬಿಟ್ಟು, ಶುಐಬಾದ ತೈಲ ಕಂಪನಿಯಲ್ಲಿ ಇಂಜಿನಿಯರಾಗಿದ್ದ ಗಂಡನ ಜತೆ ಕುವೈತಿಗೆ ಬಂದವರು ಅವರು. ಗಂಡನ ವೀಸಾದ ಮೇಲಿದ್ದರಿಂದ ಇಲ್ಲಿ ದುಡಿಯುವಂತಿರಲಿಲ್ಲ. ಟೀ ಕುಡಿಯುವಾಗಲೂ ನಿಂತೇ ಇರುತ್ತಿದ್ದರು. ಕಡಲೆಕಾಳು ಪಣಕ್ಕಿಟ್ಟು ನನಗೆ ಪೋಕರ್ ಕಲಿಸಿದರು. ಎಲೆ ಕಲಸುತ್ತ ವಿಶ್ವ ಚಾಂಪಿಯನ್‌ಷಿಪ್ಪಿನ ಕಥೆ ಹೇಳುತ್ತಿದ್ದರು. ಮೊದಲ ವರ್ಷ ಲಾಸ್ ವೇಗಸ್ಸಿನಲ್ಲಿ ಬೆರಳೆಣಿಕೆಯ ಆಟಗಾರರು ಸೇರಿ, ಚಾಂಪಿಯನ್ ಯಾರೆಂದು ಓಟು ಹಾಕಿ ಆರಿಸಿದ್ದರಂತೆ! ಕೊನೆಯವರೆಗೆ ಉಳಿದವನೇ ಗೆದ್ದವನು ಎಂಬ ನಿಯಮ ಆಮೇಲೆ ಬಂತು. ಆಗಿನ್ನೂ ಒಂದೆರಡು ವರ್ಷದ ಹಿಂದೆ, ಇಂಟರ್‌ನೆಟ್ಟಿನಲ್ಲಿ ಆಡಿ ಚಾಂಪಿಯನ್‌ಷಿಪ್ಪಿಗೆ ಸೀಟು ಗೆದ್ದಿದ್ದ ಅಕೌಂಟೆಂಟ್ ಒಬ್ಬ ಘಟಾನುಘಟಿಗಳನ್ನೆಲ್ಲ ಎಬ್ಬಿಸಿ ಕಳಿಸಿದ್ದ.

“ಕೊನೇ ಮೇಜಿಗೆ ಇಲ್ಲೀವರ್ಗೂ ಒಬ್ಬಳೇ ಹೆಂಗಸು ಹೋಗಿರೋದು ಕಣೇ,” ಎನ್ನುವಾಗ ಅವರ ಕಾಲು ನೆಲ ಬಡಿಯುತ್ತಿತ್ತು.

ಒಂದು ಮಧ್ಯಾಹ್ನ ಅವರಿಗೂ ಹಾಗೆಯೇ ಇಂಟರ್‌ನೆಟ್ಟಿನಲ್ಲಿ ಆಡಿ ವೇಗಸ್ಸಿನ ಸೀಟು ಸಿಕ್ಕಿತು. ಗಂಡ ಬೆವರಿದರು. “ಜೂಜು ಅಂತ ಕಂಪನೀಲಿ ಗೊತ್ತಾದ್ರೆ ಖಲಾಸ್. ಇಲ್ಲಿರೋಕೆ ಕೊಟ್ಟಿರೋ ಇಕಾಮಾ ಹೋಗತ್ತೆ, ಗಂಟುಮೂಟೆ ಕಟ್ಬೇಕು.”

“ಕಟ್ಟೋಣ,” ಎಂದರು ಅಕ್ಕ. “ಒಂದ್ಸಲ ಕೂತು ಬರ್ತೀನಿ.”

ಕ್ಯಾಲಿಫೋರ್ನಿಯಾದ ತಂಗಿಯನ್ನು ನೋಡಲೆಂದು ತೆಗೆದಿದ್ದ ವೀಸಾ ಇತ್ತು. ಹೋದರು. ಮೂರನೆಯ ದಿನದವರೆಗೆ ಉಳಿದರು. ಸೋತು ಬಂದ ಮೇಲೆ ಮನೆಯೊಳಗೆ ನಿಲ್ಲಲಾರದೆ ಬಿಸಿಲಲ್ಲೂ ಕಡಲ ದಂಡೆಯಲ್ಲಿ ಓಡಾಡುತ್ತಿದ್ದರು. ಸುದ್ದಿ ಹೇಗೋ ಹಬ್ಬಿತು. ಅರಿಶಿನ-ಕುಂಕುಮಕ್ಕೆ ಕರೆಯುವವರು ಕಡಿಮೆಯಾದರು.

ಯುಗಾದಿಯ ಊಟದಲ್ಲಿ ಒಬ್ಬರು ನಗುತ್ತ ಕೇಳಿಯೇಬಿಟ್ಟರು: “ಏನ್ಸಾರ್, ಮಿಸೆಸ್ಸು ಎಷ್ಟು ಕಳ್ಕೊಂಡ್ರು?”

ಗಂಡ ತುತ್ತು ಕೆಳಗಿಟ್ಟರು. “ಸಾವಿರಾರು ಜನ ಎದ್ದು ಹೋದ್ಮೇಲೂ ನನ್ ಹೆಂಡ್ತಿ ಕೂತಿದ್ಲು. ನೀವಾಗಿದ್ರೆ ಎಷ್ಟೊತ್ತು ಕೂರ್ತಿದ್ರಿ?”

ಅಷ್ಟು ದಿನ ಬಾಯಿಬಿಡದೆ ಹೆದರಿಕೊಂಡಿದ್ದ ಮನುಷ್ಯ! ಅಕ್ಕ ಅವರನ್ನೇ ನೋಡುತ್ತಿದ್ದರು, ಹೊಸಬರನ್ನು ನೋಡುವ ಹಾಗೆ...

ಕುವೈತಿನಲ್ಲಿ ಜೂಜು ಅಪರಾಧ. ಆಮೇಲೆ ಬಾಗಿಲು ಬಡಿದರೆ ಸಾಕು, ಪೊಲೀಸರೇ ಇರಬೇಕೆಂದು ಎರಡೂ ಮನೆಯವರು ಬೆಚ್ಚುತ್ತಿದ್ದೆವು. ಯಾರೂ ಹಿಡಿಯಲು ಬರಲಿಲ್ಲ. ಆದರೆ ಕಂಪನಿ ಗಂಡನ ಕೆಲಸದ ಕರಾರು ಮುಂದುವರಿಸಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಇಬ್ಬರೂ ಮೈಸೂರಿಗೆ ಮರಳಿದರು.

ಮೊನ್ನೆ ಆ ವಾಸನೆ ಬಂದ ಮೇಲೆ ಅವರ ಹಳೆಯ ನಂಬರಿಗೆ ಫೋನ್ ಮಾಡಿದೆ. ಗಂಡ ಎತ್ತಿಕೊಂಡರು.

“ಅವಳು ಹೋಗಿ ಮೂರು ತಿಂಗಳಾಯ್ತಮ್ಮ. ಕಾಯಿಲೆ ವಿಷಯ ಯಾರಿಗೂ ಹೇಳ್ಬೇಡಿ ಅಂದಿದ್ಲು.”

ಎಷ್ಟೋ ವರ್ಷ ಬಾಯಿಗೆ ಬಂದೂ ಕೇಳದೆ ಉಳಿದಿದ್ದನ್ನು ಕೇಳಿದೆ. ಸೋತ ಆ ಕೊನೆಯ ಆಟದಲ್ಲಿ ಅಕ್ಕನ ಕೈಯಲ್ಲಿ ಏನಿತ್ತು?

“ನಾನೂ ಕೇಳಿದ್ದೆ. ‘ಎಲೆ ಚೆನ್ನಾಗೇ ಇತ್ತು’ ಅಂದ್ಲು. ಅಷ್ಟೇ.”